ಹತ್ತು ಊರು ಬೇಡ, ಒಂದು ದಂಡೆ ಸಾಕು

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುತ್ತೇವೆ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿಯೂ ಬದಲಾಗುತ್ತದೆ. ಮೊದಲೆಲ್ಲ ಊಟಿ, ಕೊಡೈಕೆನಾಲ್, ಬಹಳವೆಂದರೆ ಮನಾಲಿಯ ಬಗ್ಗೆ ಕೇಳುತ್ತಿದ್ದವರು ಈಗ ನೇರ ಆಲ್ಪ್ಸ್‌ಗೇ ಕೈ ಹಾಕುತ್ತಿದ್ದಾರೆ. ಸಿರುಗುಪ್ಪದ ರೈಸ್‌ಮಿಲ್ ಮಾಲೀಕರೊಬ್ಬರು ಫೋನಿನಲ್ಲಿ ಹೇಳಿದರು: "ಮಗಳ ಮದುವಿ ಮುಗೀತು ಸಾರ್. ಈಗ ನಾವಿಬ್ರೂ ಆ ಸಿನಿಮಾದಾಗ ಬರೋ ಬೆಟ್ಟ, ಆ ನೀಲಿ ಕೆರಿ ನೋಡ್ಬೇಕಂತ ಮಾಡೀವಿ. ಎಲ್ಲಿಂದ ಶುರು ಮಾಡ್ಬೇಕು ಹೇಳ್ರಿ." ಕುರುಗೋಡಿನ ನಿವೃತ್ತ ಮೇಷ್ಟ್ರಿಗೆ ಬೇರೆ ಚಿಂತೆ. ದುಡ್ಡು ಮಗ ಕೊಡುತ್ತಾನೆ, ಮಂಡಿ ನೋವು ಯಾರು ಹೊರುತ್ತಾರೆ? ನಗರದಲ್ಲಿ ಜೀನ್ಸ್ ಹೊಲಿಗೆ ಘಟಕ ಇಟ್ಟುಕೊಂಡಿರುವ ಯುವ ದಂಪತಿಗೆ ರಜೆಯೇ ಲೆಕ್ಕಕ್ಕೆ ಸಿಗುತ್ತಿಲ್ಲ. ಎಲ್ಲರಿಗೂ ಒಟ್ಟಾಗಿ ಈ ವಾರ ಉತ್ತರ ಬರೆಯುತ್ತಿದ್ದೇನೆ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಹತ್ತು ದಿನಕ್ಕೆ ಆರೇಳು ದೇಶ ತೋರಿಸುವ ಪ್ಯಾಕೇಜು ಬೇಡ. ಒಂದು ಸರೋವರ ಆರಿಸಿಕೊಳ್ಳಿ, ಅದರ ದಂಡೆಯ ಒಂದು ಊರಲ್ಲಿ ಮನೆ ಹಿಡಿಯಿರಿ, ಆರೇಳು ರಾತ್ರಿ ಅಲ್ಲೇ ಉಳಿಯಿರಿ. ಪ್ಯಾಕೇಜಿನ ಪ್ರವಾಸ ಮದುವೆಮನೆಯ ಮೂರನೇ ಪಂಕ್ತಿಯ ಊಟ ಇದ್ದಂತೆ. ಎಲೆ ತುಂಬ ಬಡಿಸಿರುತ್ತಾರೆ, ಹಿಂದೆ ನಿಂತವರ ಅವಸರಕ್ಕೆ ಅರ್ಧ ಬಿಟ್ಟು ಏಳಬೇಕು. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲಾಚೆ ಇಡು, ಏಳಕ್ಕೆ ಬಸ್ ಹತ್ತು, ಹನ್ನೊಂದಕ್ಕೆ ಫೋಟೊ ತೆಗೆಸಿಕೋ, ರಾತ್ರಿ ಇನ್ನೊಂದು ದೇಶದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಮಲಗು. ಅರವತ್ತು ದಾಟಿದವರಿಗೆ ಇದು ಶಿಕ್ಷೆ. ಹೋಗಿಬಂದವರನ್ನು ಕೇಳಿ ನೋಡಿ, ಯಾವ ಬೆಟ್ಟ ಯಾವ ದೇಶದ್ದೆಂದು ಮೊಬೈಲು ತೆಗೆದೇ ಹೇಳುತ್ತಾರೆ.

ಒಂದೇ ಕಡೆ ಉಳಿಯಿರಿ ಎನ್ನುವುದಕ್ಕೆ ಅಲ್ಲಿನ ನೆಲದ ರಚನೆಯೇ ಕಾರಣ. ನಮಗೆ ದೊಡ್ಡ ನೀರು ಎಂದರೆ ಡ್ಯಾಮು. ತುಂಗಭದ್ರಾ ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರ್ ಹರಡುತ್ತದೆ. ಇಟಲಿಯ ಅತಿ ದೊಡ್ಡ ಸರೋವರ ಗಾರ್ಡಾದ ವಿಸ್ತಾರ 370. ಅಂದರೆ ಹರವಿನಲ್ಲಿ ನಮ್ಮ ಡ್ಯಾಮು ಇಟಲಿಯ ಯಾವ ಸರೋವರಕ್ಕೂ ನಾಚಬೇಕಿಲ್ಲ. ವ್ಯತ್ಯಾಸ ಇರುವುದು ಆಳದಲ್ಲಿ. ನಮ್ಮ ಅಣೆಕಟ್ಟಿನ ಎತ್ತರವೇ ಐವತ್ತು ಮೀಟರಿನ ಆಸುಪಾಸು. ಗಾರ್ಡಾ 346 ಮೀಟರ್ ಆಳ. ಸ್ವಿಟ್ಜರ್ಲೆಂಡಿನ ಥೂನ್ ಸರೋವರ ಬರೀ 48 ಚದರ ಕಿಲೋಮೀಟರ್, ಆಳ ಮಾತ್ರ 217 ಮೀಟರ್. ಪಕ್ಕದ ಬ್ರಿಯೆಂಜ್ ಇನ್ನೂ ಸಣ್ಣದು, 30 ಚದರ ಕಿಲೋಮೀಟರ್, ಆಳ 260. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟಗಳ ನಡುವಿನ ಕಣಿವೆಯನ್ನು ಉಜ್ಜಿ ಕೊರೆದು ಹೋದ ಗುಂಡಿಗಳಿವು. ಹಾಗಾಗಿ ಉದ್ದಕ್ಕೆ, ಇಕ್ಕಟ್ಟಾಗಿ, ಎರಡೂ ಕಡೆ ಗೋಡೆಯಂಥ ಬೆಟ್ಟಗಳೊಂದಿಗೆ ಇರುತ್ತವೆ. ನೀರಂಚಿನ ತುಂಡು ಜಾಗದಲ್ಲಿ ಊರು, ರಸ್ತೆ, ರೈಲುಹಳಿ ಒತ್ತಿಕೊಂಡು ಕೂತಿರುತ್ತವೆ. ಆಚೆ ದಡದ ಊರಿಗೆ ಹೋಗಲು ದೋಣಿಯೇ ಹತ್ತಿರದ ದಾರಿ. ಅಲ್ಲಿ ದೋಣಿ ಮೋಜಿನ ಸವಾರಿಯಷ್ಟೇ ಅಲ್ಲ, ವೇಳಾಪಟ್ಟಿ ಇರುವ ಬಸ್ಸು. ದೋಣಿ, ರೈಲು, ಬೆಟ್ಟ ಹತ್ತುವ ಹಲ್ಲುಗಾಲಿ ರೈಲು, ತೂಗುತೊಟ್ಟಿಲು, ಇವೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಹೊರಡುತ್ತವೆ. ಒಂದು ದಂಡೆಯಲ್ಲಿ ಕೂತರೆ ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆ ಮನೆಗೆ ಮರಳಬಹುದು. ಈ ಅನುಕೂಲವನ್ನು ಬಿಟ್ಟು ಬಸ್ಸಿನ ಕಿಟಕಿಯಿಂದ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ?

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ಡ್ಯಾಮಿನ ಹೂಳಿನ ಮಾತು ಬಂದರೆ ಹಲ್ಲು ಕಡಿಯುವ ನಮ್ಮ ರೈತರಿಗೆ ರುಚಿಸಬಹುದು. ಥೂನ್ ಮತ್ತು ಬ್ರಿಯೆಂಜ್ ಒಂದು ಕಾಲಕ್ಕೆ ಒಂದೇ ಸರೋವರ. ಪಕ್ಕದ ಕಣಿವೆಗಳಿಂದ ಇಳಿಯುವ ಹೊಳೆಗಳು ಸಾವಿರಾರು ವರ್ಷ ಕಲ್ಲು ಮಣ್ಣು ತಂದು ಸುರಿದು ನಡುವೆ ಒಂದು ಬಯಲನ್ನೇ ಕಟ್ಟಿದವು, ಸರೋವರ ಎರಡಾಯಿತು. ಇವತ್ತು ಲಕ್ಷಾಂತರ ಪ್ರವಾಸಿಗಳು ಇಳಿಯುವ ಇಂಟರ್ಲಾಕೆನ್ ಪಟ್ಟಣ ನಿಂತಿರುವುದು ಆ ಹೂಳಿನ ಮೇಲೆ.

ಯಾವ ಸರೋವರ? ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರಿರುವ ಮನೆಯವರಿಗೆ, ನನ್ನ ಮತ ಈ ಥೂನ್–ಬ್ರಿಯೆಂಜ್ ಜೋಡಿಗೆ. ಇಂಟರ್ಲಾಕೆನ್ನಿನಲ್ಲೇ ಉಳಿಯಬೇಕೆಂದಿಲ್ಲ. ಅಲ್ಲಿ ಗದ್ದಲ, ಗಡಿಯಾರದ ಅಂಗಡಿ, ನಮ್ಮವರದೇ ಜಾತ್ರೆ. ಬ್ರಿಯೆಂಜ್, ಸ್ಪೀಟ್ಸ್, ಬೋನಿಗೆನ್‌ನಂಥ ಊರುಗಳು ಅರ್ಧ ಗಂಟೆಯೊಳಗಿನ ದಾರಿ, ರೈಲೋ ದೋಣಿಯೋ ಬಸ್ಸೋ ಮನೆ ಬಾಗಿಲಿಗೇ ಬರುತ್ತದೆ. ದೊಡ್ಡ ಪೇಟೆಯ ಸೌಕರ್ಯ ಬೇಕೆನ್ನುವವರಿಗೆ ಲೂಸರ್ನ್. ಅಲ್ಲಿಂದ ರೀಗಿ ಬೆಟ್ಟಕ್ಕೆ ಹೋಗುವ ಹಲ್ಲುಗಾಲಿ ರೈಲು 1871ರಲ್ಲಿ ಶುರುವಾದದ್ದು, ಯುರೋಪಿನಲ್ಲಿ ಬೆಟ್ಟ ಹತ್ತಿದ ಮೊದಲ ರೈಲು ಅದೇ. ಖರ್ಚು ಕಡಿಮೆಯಾಗಬೇಕು ಎನ್ನುವವರು ಗಡಿ ದಾಟಿ ಇಟಲಿಯ ಕೋಮೊ ಸರೋವರಕ್ಕೆ ಹೋಗಬಹುದು. ಮಿಲಾನಿನಿಂದ ಒಂದು ಗಂಟೆಯ ರೈಲು, ವರೆನ್ನಾ ಎಂಬ ಊರಿನಲ್ಲಿ ಇಳಿದರೆ ದೋಣಿ ಕಟ್ಟೆ ನಡಿಗೆಯ ದೂರ. ಸ್ಲೊವೇನಿಯಾದ ಬ್ಲೆಡ್ ಇನ್ನೂ ಅಗ್ಗ, ಇನ್ನೂ ಪುಟ್ಟದು. ನಡುಗಡ್ಡೆಯ ಚರ್ಚಿಗೆ 99 ಮೆಟ್ಟಿಲು. ಮೇಷ್ಟ್ರು ಗಮನಿಸಬೇಕು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಚಿತ್ರದಲ್ಲಿ ಚೆಂದ. ಸಾವಿರ ಜನವೂ ಇಲ್ಲದ ಆ ಊರಿಗೆ ದಿನಕ್ಕೆ ಅದರ ಹತ್ತು ಪಟ್ಟು ಜನ ಬಂದು ಊರವರೇ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಅಲ್ಲಿಗೆ ನಾವೂ ಹೋಗಿ ನೂಕುವುದು ಬೇಡ ಎಂದು ನನಗನಿಸುತ್ತದೆ.

ಮೇಷ್ಟ್ರಿಗೆ ಎತ್ತರದ ಭಯವೂ ಇದೆ. ಬಳ್ಳಾರಿ ಸಮುದ್ರಮಟ್ಟದಿಂದ ಐನೂರು ಮೀಟರಿನ ಆಸುಪಾಸಿನಲ್ಲಿದೆ, ಥೂನ್ ಸರೋವರ 558ರಲ್ಲಿ. ಬೆಂಗಳೂರು ಇವೆರಡಕ್ಕಿಂತ ಎತ್ತರ. ಆದ್ದರಿಂದ ದಂಡೆಯಲ್ಲಿ ಉಸಿರಾಟಕ್ಕೆ ಏನೂ ತೊಂದರೆಯಿಲ್ಲ. ಎಚ್ಚರ ಬೇಕಾದದ್ದು ಯುಂಗ್‌ಫ್ರಾಯೋಕ್‌ನಂಥ ಕಡೆ. 1912ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು ರೈಲನ್ನು 3,454 ಮೀಟರಿಗೆ ಏರಿಸಿಬಿಟ್ಟಿದ್ದಾರೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಹೃದಯದ ತೊಂದರೆ, ಬಿಪಿ ಇರುವವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಲಿ. ಮೇಲೆ ಹೋದಮೇಲೆ ಓಡಾಟ ನಿಧಾನವಿರಲಿ.

ಯಾವ ತಿಂಗಳು ಎನ್ನುವುದು ಊರಿನಷ್ಟೇ ಮುಖ್ಯ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂದು ನಮ್ಮ ಜಿಲ್ಲೆ ಇವತ್ತಿಗೂ ಹೇಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋದವನಿಗೆ ಸಂಡೂರು ಕೆಂಪು ಧೂಳು. ಆಲ್ಪ್ಸ್‌ಗೂ ಇದೇ ಮಾತು. ನಮಗೆ ಬಿಸಿಲು ತಡೆಯಲಾರದ ಏಪ್ರಿಲ್ ಅಲ್ಲಿ ಅತ್ತ ಚಳಿಗಾಲವೂ ಅಲ್ಲ, ಇತ್ತ ಬೇಸಿಗೆಯೂ ಅಲ್ಲ. ಎತ್ತರದ ದಾರಿಗಳಲ್ಲಿ ಹಿಮ ಕೂತಿರುತ್ತದೆ, ಎಷ್ಟೋ ತೂಗುತೊಟ್ಟಿಲುಗಳು ದುರಸ್ತಿಗೆಂದು ನಿಂತಿರುತ್ತವೆ, ದೋಣಿಗಳೂ ಕಡಿಮೆ. ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ದಿನಗಳು ನನ್ನ ಆಯ್ಕೆ. ನೆತ್ತಿಯಲ್ಲಿ ಹಿಮ, ಕೆಳಗೆ ಹಸಿರು, ರಾತ್ರಿ ಒಂಬತ್ತಾದರೂ ಬೆಳಕು. ಜುಲೈ, ಆಗಸ್ಟ್‌ನಲ್ಲಿ ಯುರೋಪಿನವರೇ ರಜೆ ಹಾಕಿ ಬರುತ್ತಾರೆ, ಬಾಡಿಗೆ ಏರುತ್ತದೆ. ಸೆಪ್ಟೆಂಬರ್ ಮತ್ತೆ ಒಳ್ಳೆಯದು. ಭತ್ತದವರಿಗೆ ಜೂನ್ ಹೇಳಿಮಾಡಿಸಿದ್ದು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವುದರೊಳಗೆ ಹೋಗಿಬರಬಹುದು. ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕ ವರ್ಷವಾದರೂ ಕಟಾವು, ಮಾರಾಟ ಮೇ ಹೊತ್ತಿಗೆ ಮುಗಿದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದವರು ಮಾತ್ರ ಮೇ ಎರಡನೇ ಅರ್ಧ ಅಥವಾ ದಸರಾ ರಜೆ, ಇವೆರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು.

ಇನ್ನು ಕಾಗದಪತ್ರ. ಜನ ಹೆಚ್ಚು ಬಳಲುವುದೂ, ಹೆಚ್ಚು ಮೋಸ ಹೋಗುವುದೂ ಇಲ್ಲೇ. ಷೆಂಗೆನ್ ವೀಸಾ ಎಂಬ ಒಂದೇ ಚೀಟಿ 29 ದೇಶಗಳಿಗೆ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿನ ಒಕ್ಕೂಟದಲ್ಲಿ ಇಲ್ಲ, ಅಲ್ಲಿನ ನಾಣ್ಯವೂ ಬೇರೆ. ಈ ವೀಸಾ ಕೂಟದಲ್ಲಿ ಮಾತ್ರ 2008ರಿಂದ ಸೇರಿಕೊಂಡಿದೆ. ಅರ್ಜಿ ಹಾಕಬೇಕಾದದ್ದು ನೀವು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ಒಂದೇ ದಂಡೆಯಲ್ಲಿ ಉಳಿಯುವವರಿಗೆ ಇಲ್ಲಿ ಗೊಂದಲವೇ ಇರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ವೀಸಾ ಸಿಗದಿದ್ದರೂ ಶುಲ್ಕ ವಾಪಸು ಬರುವುದಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಬೆರಳಚ್ಚು ಕೊಡಲು ನಾವೇ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಬೇಕು, ಏಜೆಂಟು ನಮ್ಮ ಪರವಾಗಿ ಬೆರಳು ಒತ್ತಲಾರ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ದಿನಾಂಕ ಸಿಗುವುದೇ ಕಷ್ಟ. ಒಮ್ಮೆ ಕೊಟ್ಟ ಬೆರಳಚ್ಚು ಸುಮಾರು ಐದು ವರ್ಷ ನಡೆಯುತ್ತದೆ, ಹನ್ನೆರಡು ತುಂಬದ ಮಕ್ಕಳಿಗೆ ಬೇಡ. ಹೊಲದಲ್ಲಿ ಜೀವ ತೇದ ಕೈಗಳಲ್ಲಿ ಗೆರೆ ಸವೆದಿರುತ್ತದೆ. ರೇಷನ್ ಅಂಗಡಿಯ ಯಂತ್ರದ ಮುಂದೆ ನಿಂತು ಮತ್ತೆ ಮತ್ತೆ ಬೆರಳು ಒರೆಸಿಕೊಂಡವರಿಗೆ ಇದು ಗೊತ್ತಿರುವ ಪಾಡು. ನಾಲ್ಕಾರು ದಿನ ಮೊದಲಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಚರ್ಮ ಮೆತ್ತಗಾಗುತ್ತದೆ.

ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ರೈತರ ಸಮಸ್ಯೆಯನ್ನು ಬಿಡಿಸಿ ಹೇಳಬೇಕು. ದುಡ್ಡು ಇರುತ್ತದೆ, ದುಡ್ಡಿನ ಕಾಗದ ಇರುವುದಿಲ್ಲ. ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ, ಆದ್ದರಿಂದ ಐಟಿ ರಿಟರ್ನ್ಸ್ ಹಾಕುವ ಅಭ್ಯಾಸವೂ ಇಲ್ಲ. ವೀಸಾ ಅಧಿಕಾರಿಗೆ ಗೊತ್ತಿರುವುದು ಸಂಬಳದ ಚೀಟಿ ಮತ್ತು ರಿಟರ್ನ್ಸ್. ನೂರು ಚೀಲ ಸೋನಾಮಸೂರಿ ಮಾರಿದ ದುಡ್ಡು ಕೈಯಲ್ಲೇ ಓಡಾಡಿ, ಅರ್ಜಿಗೆ ಹತ್ತು ದಿನ ಮೊದಲು ಏಕಾಏಕಿ ಲಕ್ಷಗಟ್ಟಲೆ ಖಾತೆಗೆ ಬಿದ್ದರೆ ಅವರಿಗೆ ಅದು ಸಾಲ ತಂದು ತೋರಿಸಿದ್ದೆಂದೇ ಕಾಣುತ್ತದೆ. ಬೆಳೆ ಮಾರಿದ ದಿನವೇ ಹಣ ಬ್ಯಾಂಕಿಗೆ ಬರಲಿ, ಆರು ತಿಂಗಳ ಪಾಸ್‌ಬುಕ್ಕಿನಲ್ಲಿ ಆ ಹರಿವು ಕಾಣಲಿ. ಪಹಣಿ, ಎಪಿಎಂಸಿ ಬಿಲ್ಲು, ಮಿಲ್ಲಿನ ಲೆಕ್ಕದ ಚೀಟಿ ಜೋಡಿಸಿ, ಪಹಣಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ತೆರಿಗೆ ಬೀಳದಿದ್ದರೂ ರಿಟರ್ನ್ಸ್ ಹಾಕಿ ಕೃಷಿ ಆದಾಯವನ್ನು ಅದರಲ್ಲಿ ತೋರಿಸುವುದು ಜಾಣತನ. ಒಂದು ಪುಟದ ವಿವರಣೆ ಪತ್ರ ಇರಲಿ: ಇಷ್ಟು ಎಕರೆ, ಇಂಥ ಕಾಲುವೆ, ಇಂಥ ತಿಂಗಳು ಬಿತ್ತನೆ, ಆದ್ದರಿಂದ ಇಂಥ ದಿನ ಮರಳಲೇಬೇಕು. ವಾಪಸು ಬರುತ್ತಾನೆಯೇ ಎಂಬ ಅನುಮಾನಕ್ಕೆ ಭೂಮಿಗಿಂತ ಒಳ್ಳೆಯ ಉತ್ತರ ಯಾವ ಸಂಬಳದ ಚೀಟಿಯಲ್ಲೂ ಇಲ್ಲ.

ಹೆಸರಿನ ತಾಪತ್ರಯ ಬೇರೆ. ದೊಡ್ಡಬಸವೇಶ್ವರನ ಊರಾದ ಕುರುಗೋಡಿನಲ್ಲಿ ಮನೆಗೊಬ್ಬ ದೊಡ್ಡಬಸಪ್ಪ ಸಿಕ್ಕಾನು. ಆಧಾರ್‌ನಲ್ಲಿ ಒಂದು ಕಾಗುಣಿತ, ಪ್ಯಾನ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿಗೆ ಹಾಕುವ ಮೊದಲೇ ಮೂರನ್ನೂ ಒಂದು ಮಾಡಿಸಿ. ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಕೊಲ್ಲಿ ದೇಶದ ಮೇಲೆ ಹೋಗುವವರು ಟಿಕೆಟ್ ಕೊಳ್ಳುವ ಮೊದಲು ವಿಮಾನ ಕಂಪನಿಯನ್ನು ಈ ಬಗ್ಗೆ ಕೇಳಿಕೊಳ್ಳಲಿ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಹಳೆಯ ಕಾಗುಣಿತದಲ್ಲಿದೆಯೆಂದು ಗಾಬರಿಯಾಗಿ ಬರೆದವರಿದ್ದಾರೆ. ಅದಕ್ಕೆ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ. ಹುಟ್ಟಿದ ದಾಖಲೆ ಇಲ್ಲದ ಹಿರಿಯರೂ ಹೆದರಬೇಕಿಲ್ಲ. ಜನನ ಪ್ರಮಾಣಪತ್ರವೇ ಬೇಕು ಎಂಬ ನಿಯಮ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ.

ಏಜೆಂಟರ ಬಗ್ಗೆ ಒಂದು ಮಾತು. ಅರ್ಜಿ ತುಂಬಿಕೊಟ್ಟದ್ದಕ್ಕೆ ಕೂಲಿ ಕೊಡಿ, ತಪ್ಪಿಲ್ಲ. ವೀಸಾ ಗ್ಯಾರಂಟಿ ಎನ್ನುವವನಿಗೆ ಮಾತ್ರ ಕಾಸು ಬಿಚ್ಚಬೇಡಿ. ಗ್ಯಾರಂಟಿ ಕೊಡುವ ಅಧಿಕಾರ ರಾಯಭಾರ ಕಚೇರಿ ಬಿಟ್ಟು ಯಾರಿಗೂ ಇಲ್ಲ. ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ಟಿಗೆ ಪೂರ್ತಿ ದುಡ್ಡು ಕಟ್ಟಬೇಕಿಲ್ಲ, ಕಾದಿರಿಸಿದ ಪುರಾವೆ ಸಾಕು. ಹೋಟೆಲನ್ನೂ ರದ್ದು ಮಾಡಬಹುದಾದ ಷರತ್ತಿನ ಮೇಲೆಯೇ ಹಿಡಿಯಿರಿ.

ಹೊರಡುವ ದಿನ ನಮ್ಮವರು ಒಂದು ದಂಡದ ದಾರಿ ತುಳಿಯುತ್ತಾರೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗಿನ ಜಾವ ಬೆಂಗಳೂರಿಗೆ ಇಳಿದು, ಸಂಬಂಧಿಕರ ಮನೆಗೆ ಹೋಗಿ, ಸಂಜೆಯ ಟ್ರಾಫಿಕ್ಕಿನಲ್ಲಿ ಮತ್ತೆ ದೇವನಹಳ್ಳಿಗೆ ಬರುವುದು. ಸಂಬಂಧಿಕರನ್ನು ನೋಡುವುದಿದ್ದರೆ ಸರಿ. ಇಲ್ಲದಿದ್ದರೆ ಕಾರಿನವರಿಗೆ ಅನಂತಪುರದ ಮೇಲೆ ಹೋಗಲು ಹೇಳಿ. ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದರೆ ಊರೊಳಗೆ ಕಾಲಿಡುವ ಮೊದಲೇ ವಿಮಾನ ನಿಲ್ದಾಣ ಸಿಗುತ್ತದೆ. ಯುರೋಪಿನಲ್ಲಿ ಇಳಿದಾಗ ಒಂದು ಹೊಸ ಪದ್ಧತಿ ಎದುರಾಗುತ್ತದೆ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಚಿತ್ರ, ಬೆರಳಚ್ಚು ತೆಗೆದುಕೊಂಡು ಕಂಪ್ಯೂಟರಿಗೆ ಹಾಕುವ ಕ್ರಮ ಶುರುವಾಗಿದೆ. ಸಾಲು ಉದ್ದವಿರುತ್ತದೆ. ಮುಂದಿನ ವಿಮಾನಕ್ಕೆ ಒಂದೇ ಗಂಟೆ ಅಂತರವಿರುವ ಟಿಕೆಟ್ ಕೊಳ್ಳಬೇಡಿ. ಜ್ಯೂರಿಕ್‌ಗೆ ಇಳಿದರೆ ನಿಲ್ದಾಣದ ಅಡಿಯಲ್ಲೇ ರೈಲು, ಎರಡು ಗಂಟೆ ಚಿಲ್ಲರೆಯಲ್ಲಿ ಇಂಟರ್ಲಾಕೆನ್.

ಖರ್ಚಿನ ಲೆಕ್ಕಕ್ಕೆ ಬರೋಣ. ಸ್ವಿಸ್ ಫ್ರಾಂಕ್ ನೂರು ರೂಪಾಯಿ ದಾಟಿ ಬಹಳ ದಿನವಾಯಿತು. ಒಂದು ಲೋಟ ಕಾಫಿಗೆ ಐದು ಫ್ರಾಂಕ್ ಎಂದಾಗ ಮೊದಲ ದಿನ ಎದೆ ಝಲ್ಲೆನ್ನುತ್ತದೆ, ಮೂರನೇ ದಿನ ಮನೆಯಲ್ಲೇ ಕಾಯಿಸಿಕೊಂಡು ಹೊರಡುವುದನ್ನು ಕಲಿಯುತ್ತೇವೆ. ದುಬಾರಿ ದೇಶದಲ್ಲೂ ಬಿಟ್ಟಿ ಸಿಗುವುದಿದೆ. ನಲ್ಲಿಯ ನೀರು, ಬೀದಿ ಕಾರಂಜಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ರಾತ್ರಿ ತಂಗುವ ಅತಿಥಿಗೆ ಹೋಟೆಲಿನವರೇ ಒಂದು ಕಾರ್ಡು ಕೊಡುತ್ತಾರೆ, ಊರ ಸುತ್ತಲಿನ ಬಸ್ಸು ಅದರಲ್ಲೇ ನಡೆಯುತ್ತದೆ. ಕೇಳಿ ಪಡೆಯಿರಿ. ಇಡೀ ದೇಶದ ರೈಲು, ಬಸ್ಸು, ಸರೋವರದ ದೋಣಿಗಳಿಗೆ ಸ್ವಿಸ್ ಟ್ರಾವೆಲ್ ಪಾಸ್ ಇದೆ. ಮೂರು, ನಾಲ್ಕು, ಆರು, ಎಂಟು, ಹದಿನೈದು ದಿನದ್ದು. ತಂದೆಯೋ ತಾಯಿಯೋ ಪಾಸ್ ಕೊಂಡರೆ ಹದಿನಾರು ತುಂಬದ ಮಕ್ಕಳಿಗೆ ಬಿಟ್ಟಿ. ದಿನವೂ ಸುತ್ತುವವರಿಗೆ ಇದು ಲಾಭ. ಒಂದು ದಂಡೆಯಲ್ಲಿ ಕೂತು ದಿನ ಬಿಟ್ಟು ದಿನ ಹೊರಡುವವರಿಗೆ ಅರ್ಧ ದರದ ಕಾರ್ಡು ಸಾಕು. ಎರಡರ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ ನೋಡಿ ತೀರ್ಮಾನಿಸಿ.

ಬೆಟ್ಟದ ಟಿಕೆಟ್ಟನ್ನು ಮಾತ್ರ ಊರಲ್ಲೇ ಕೊಂಡು ಹೋಗಬೇಡಿ. ಯುಂಗ್‌ಫ್ರಾಯೋಕ್‌ಗೆ ಪೂರ್ತಿ ದರ ತಲೆಗೆ ಇನ್ನೂರು ಫ್ರಾಂಕ್ ದಾಟುತ್ತದೆ, ಟ್ರಾವೆಲ್ ಪಾಸ್ ಇದ್ದರೂ ಕೊನೆಯ ಭಾಗಕ್ಕೆ ರಿಯಾಯಿತಿ ಅಷ್ಟೇ. ಮೋಡ ಕವಿದ ದಿನ ಅಷ್ಟು ಕೊಟ್ಟು ಮೇಲೆ ಹೋದರೆ ಬಿಳಿಯ ಗೋಡೆಯೊಂದನ್ನು ಬಿಟ್ಟು ಇನ್ನೇನೂ ಕಾಣುವುದಿಲ್ಲ. ನೆತ್ತಿಯ ಮೇಲೆ ಕ್ಯಾಮೆರಾ ಇಟ್ಟಿರುತ್ತಾರೆ, ಅದರ ನೇರ ದೃಶ್ಯ ಮೊಬೈಲಿನಲ್ಲೇ ಸಿಗುತ್ತದೆ. ಬೆಳಿಗ್ಗೆ ಎದ್ದು ಅದನ್ನು ನೋಡಿ, ಶುಭ್ರವಿದ್ದರೆ ಮೇಲೆ, ಇಲ್ಲದಿದ್ದರೆ ದೋಣಿಗೆ. ಒಂದೇ ಕಡೆ ಉಳಿದವರಿಗಷ್ಟೇ ಈ ಸ್ವಾತಂತ್ರ್ಯ. ಪ್ಯಾಕೇಜಿನವರು ಮಂಗಳವಾರ ಎಂದರೆ ಮಂಗಳವಾರವೇ ಹತ್ತಬೇಕು, ಮಳೆ ಬರಲಿ ಮಂಜು ಬೀಳಲಿ. ನಾವು ಬ್ರಿಯೆಂಜ್‌ನಲ್ಲಿದ್ದಾಗ ಒಂದು ದಿನ ಹೀಗೇ ಬೆಟ್ಟ ಬಿಟ್ಟು ದೋಣಿ ಹಿಡಿದೆವು. ಸಣ್ಣ ಮಳೆ. ಗೀಸ್‌ಬಾಖ್ ಎಂಬ ಕಟ್ಟೆಗೆ ದೋಣಿ ತಾಗುವಾಗ ಹುಡುಗಿಯೊಬ್ಬಳು ಕೈಗೆ ಚರ್ಮದ ಗವಸು ಹಾಕಿ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದಳು, ಒಂದು ಮರದ ಹಲಗೆ ಚಾಚಿದರು, ಅಜ್ಜಿಯೊಬ್ಬರು ತರಕಾರಿ ಗಾಡಿ ಎಳೆದುಕೊಂಡು ಇಳಿದರು, ಹಲಗೆ ಒಳಗೆ ಬಂತು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಕಟ್ಟೆಯಿಂದ ಮೇಲಿನ ಜಲಪಾತಕ್ಕೆ ಕರೆದೊಯ್ಯುವ ಪುಟ್ಟ ಎಳೆರೈಲು 1879ರದು, ಇವತ್ತಿಗೂ ಓಡುತ್ತಿದೆ. ಮಂಡಿ ನೋವಿನ ಮೇಷ್ಟ್ರಿಗೆ ನಾನು ಹೇಳುವುದು ಇಂಥ ದಾರಿಗಳನ್ನೇ. ಒಂದು ಮೆಟ್ಟಿಲೂ ಹತ್ತದೆ ಮುಕ್ಕಾಲು ಆಲ್ಪ್ಸ್ ನೋಡಬಹುದು.

ಊಟದ ಪ್ರಶ್ನೆ ಕೇಳದ ಕಾಗದವೇ ಇಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಅರ್ಧ ಚಿಂತೆ ಕಳೆಯಿತು. ಉಳಿದರ್ಧಕ್ಕೆ ನಮ್ಮ ಕಡೆಯ ಖಡಕ್ ಜೋಳದ ರೊಟ್ಟಿಯೇ ಇದೆ. ವಾರಗಟ್ಟಲೆ ಕೆಡದ, ಹಗುರಾದ, ನೀರು ಚಿಮುಕಿಸಿದರೆ ಮೆತ್ತಗಾಗುವ ಇಂಥ ಬುತ್ತಿ ಯಾವ ವಿಮಾನ ಕಂಪನಿಯೂ ಕೊಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಂಡಕ್ಕಿ, ಅವಲಕ್ಕಿ ಧಾರಾಳ ಒಯ್ಯಿರಿ. ಒಯ್ಯಬಾರದ್ದೂ ಇದೆ. ಹೊರದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪು, ಸ್ವಿಟ್ಜರ್ಲೆಂಡ್ ಎರಡೂ ನಿಷೇಧಿಸಿವೆ. ತುಪ್ಪದ ಡಬ್ಬಿ, ಪೇಡಾ, ಖೋವಾದ ಹೋಳಿಗೆ ಕಸ್ಟಮ್ಸ್‌ನಲ್ಲಿ ಸಿಕ್ಕರೆ ಕಸದ ಬುಟ್ಟಿಗೆ, ದಂಡವೂ ಬೀಳಬಹುದು. ಹಸಿ ಕರಿಬೇವು, ನಿಂಬೆಹಣ್ಣು, ಮಾವು ಯಾವುದೂ ಬೇಡ. ಮೊಸರು, ಅಕ್ಕಿ, ಟೊಮೆಟೊ, ಈರುಳ್ಳಿ ಅಲ್ಲಿನ ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ಆ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೇ ಸಾಮಾನು ತಂದಿಟ್ಟುಕೊಳ್ಳಿ. ಒಗ್ಗರಣೆಗೆ ಒಣಮೆಣಸಿನಕಾಯಿ ಸಿಡಿಸುವ ಮೊದಲು ಕಿಟಕಿ ತೆರೆಯಿರಿ, ಹೊಗೆ ಎದ್ದರೆ ಅಲಾರಂ ಕೂಗಿಕೊಳ್ಳುತ್ತದೆ.

ಬಟ್ಟೆಯ ವಿಷಯದಲ್ಲಿ ಊರಿಗೆ ದ್ರೋಹ ಬಗೆಯುವ ಮಾತೊಂದನ್ನು ಆಡಬೇಕಾಗಿದೆ. ಬೆಟ್ಟಕ್ಕೆ ಜೀನ್ಸ್ ಬೇಡ. ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯಲ್ಲಿ ಕೂತು ಹೀಗೆ ಬರೆಯುವುದು ಕಷ್ಟವೇ. ಆದರೆ ದಪ್ಪ ಹತ್ತಿಯ ಡೆನಿಮ್ ಮಳೆಗೆ ನೆನೆದರೆ ದಿನವಿಡೀ ಆರುವುದಿಲ್ಲ, ಚಳಿಯನ್ನು ಮೈಗೆ ಅಂಟಿಸಿಡುತ್ತದೆ. ಬೇಗ ಒಣಗುವ ಪ್ಯಾಂಟು, ತೆಳುವಾದ ಎರಡು ಮೂರು ಪದರ, ಮೇಲೊಂದು ಮಳೆ ತಡೆಯುವ ಜಾಕೆಟ್, ಜಾರದ ತಳವಿರುವ ಬೂಟು ಸಾಕು. ಜೂನ್‌ನಲ್ಲೂ ದಂಡೆಯಲ್ಲಿ ಬೆಳಿಗ್ಗೆ ಹತ್ತು ಡಿಗ್ರಿಯ ಆಸುಪಾಸು ಇರುವುದುಂಟು, ನೆತ್ತಿಯಲ್ಲಿ ಸೊನ್ನೆ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ಕಾಲುವೆಯಲ್ಲಿ ಈಜು ಕಲಿತ ಹುಡುಗರಿಗೆ ವಿಶೇಷ ಎಚ್ಚರಿಕೆ: ಆ ನೀರು ಹಿಮ ಕರಗಿದ್ದು, ದಡದಿಂದ ನಾಲ್ಕು ಹೆಜ್ಜೆಗೇ ತಳ ಸಿಗದಾಗುತ್ತದೆ. ಗುರುತು ಹಾಕಿದ ಈಜುಕಟ್ಟೆ ಬಿಟ್ಟು ಬೇರೆಲ್ಲೂ ಇಳಿಯಬೇಡಿ.

ಒಂದು ದಿನ ಮಿಗಿಸಿಕೊಂಡವರು ಬಾಸೆಲ್ ಪಟ್ಟಣಕ್ಕೆ ಹೋಗಿಬರಲಿ, ಇಂಟರ್ಲಾಕೆನ್‌ನಿಂದ ಎರಡು ಗಂಟೆಯ ರೈಲು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಬಂದದ್ದು ಆ ಊರಿನ ಮಿಷನ್‌ನಿಂದ. ಮರುವರ್ಷ ಆ ಪತ್ರಿಕೆ 'ಕನ್ನಡ ಸಮಾಚಾರ' ಎಂಬ ಹೆಸರು ತಳೆದು ಅಚ್ಚಾದದ್ದು ನಮ್ಮ ಬಳ್ಳಾರಿಯಲ್ಲಿ. ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ವಂಶಾವಳಿಯ ಒಂದು ತುದಿ ಅಲ್ಲಿದೆ. ನಮ್ಮೂರಿನಿಂದ ಯುರೋಪಿಗೆ ಹೋಗುವುದೂ ಹೊಸತೇನಲ್ಲ. ನಟ ಬಳ್ಳಾರಿ ರಾಘವ 1920ರ ದಶಕದ ಕೊನೆಯಲ್ಲೇ ಹಡಗು ಹತ್ತಿ ಹೋಗಿಬಂದಿದ್ದರು. ಅವರಿಗೆ ಬೆರಳಚ್ಚಿನ ಕಾಟ ಇರಲಿಲ್ಲ ಅಷ್ಟೆ.

ಮುಂದಿನ ವರ್ಷದ ಜೂನ್‌ಗೆ ಹೋಗಬೇಕೆನ್ನುವವರು ಈಗ ಮಾಡಬೇಕಾದ ಕೆಲಸ ಒಂದೇ: ಪಾಸ್‌ಪೋರ್ಟ್ ತೆಗೆದು ಮುಗಿಯುವ ದಿನಾಂಕ ನೋಡಿ. ಸಂಕ್ರಾಂತಿಯೊಳಗೆ ಹೆಸರು, ಖಾತೆ, ಪಹಣಿ ಸರಿಮಾಡಿಕೊಂಡು, ಫೆಬ್ರುವರಿಯಲ್ಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನಾಂಕ ಹಿಡಿಯಿರಿ. ಮೇ ತಿಂಗಳ ಬಿಸಿಲಿಗೆ ಬೆಂದು ಅರ್ಜಿ ಹಿಡಿದು ಓಡಿದವರಿಗೆ ಆ ವರ್ಷದ ಆಲ್ಪ್ಸ್ ಸಿಗುವುದಿಲ್ಲ.